ಎಡ್ವರ್ಡ್ ಬರಿಗೈಯಲ್ಲಿ ಹೋದ ದಿನ

ನನ್ನ ಗೆಳೆಯ ಎಡ್ವರ್ಡ್ ತೀರಿಕೊಂಡು ತಿಂಗಳಾಯಿತು. ಅವನನ್ನು ಕೌನ್ಸಿಲರ್ ಎಂದು ಬಲ್ಲವರು ಬಹಳ ಜನ. ನನಗೆ ಮಾತ್ರ ಅವನು ಹೂಕೋಸು ಬೆಳೆಯುವವನೇ.

ಮಂಗಳೂರಿನ ಕಡೆಯವನು. ಮೊದಲು ಸಿಡ್ನಿಯ ತರಕಾರಿ ಮಾರ್ಕೆಟ್ಟಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಬೇರೆಯವರು ಬೆಳೆದದ್ದನ್ನು ಹೊತ್ತು ಬೇಸತ್ತು ಮೆಲ್ಬರ್ನಿಗೆ ಬಂದು, ಸಮುದ್ರದ ಕಡೆ ಜಮೀನು ಗೇಣಿಗೆ ಹಿಡಿದ. ವಿಂಡಮ್ ವೇಲ್‌ನಲ್ಲಿ ಮನೆ ಮಾಡಿದ. ಅಲ್ಲಿ ಹೊಸ ಮನೆಗಳು ಸಾಲಾಗಿ ಎದ್ದಿದ್ದವು, ಬಸ್ ಸ್ಟಾಪಿಗೆ ಫುಟ್‌ಪಾತ್ ಇರಲಿಲ್ಲ. ಹೆಂಗಸರು ಮಕ್ಕಳ ಗಾಡಿಯನ್ನು ರಸ್ತೆಯಂಚಿನ ಕೆಸರಲ್ಲಿ ತಳ್ಳುವುದನ್ನು ನೋಡಿ ನೋಡಿ, ೨೦೦೫ರಲ್ಲಿ ಕೌನ್ಸಿಲ್ ಚುನಾವಣೆಗೆ ನಿಂತ.

ಓಟು ಕೇಳಲು ಹೋದ ಮನೆಗೆಲ್ಲ ಒಂದೊಂದು ಹೂಕೋಸು ಕೊಟ್ಟ. "ಮೊದಲ ಸಲ ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುದುಂಟಾ ಮಾರಾಯ?" ಎಂದ.

ಎದುರಾಳಿಯ ಕಡೆಯವರು ಇದು ಲಂಚ ಎಂದು ದೂರಿದರು. ಇನ್ನೊಂದು ಹೂಕೋಸು ಕೊಟ್ಟರೆ, ಗೆದ್ದರೂ ಸೀಟು ಉಳಿಯಲಿಕ್ಕಿಲ್ಲ ಎಂದು ಚುನಾವಣಾ ಅಧಿಕಾರಿ ಎಚ್ಚರಿಸಿದರು. ಸೀಟು ಹೋದರೆ ಫುಟ್‌ಪಾತೂ ಹೋದಂತೆ.

"ಲಂಚ ಕೊಡುವವ ಸೊಪ್ಪು ಕೂಡ ಬಿಡಿಸದೆ ಕೊಡ್ತಾನಾ?" ಎಂದು ಅವನ ಹೆಂಡತಿ ಇನೇಜ್ ಗೊಣಗಿದಳು. ಎಡ್ವರ್ಡ್ ನಗಲಿಲ್ಲ. ಹೂಕೋಸನ್ನು ಮರೆತು, ಮನಸ್ಸಿಗೆ ಬಂದವರಿಗೆ ಓಟು ಹಾಕಿ ಎಂದು ಹೇಳಲು ಮರುದಿನ ಅದೇ ಮನೆಗಳಿಗೆ ಹೊರಟ. ನಾನೂ ಜೊತೆಗಿದ್ದೆ. ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಒಂದು ಮನೆಯಲ್ಲಿ ರತ್ನವ್ವ ಬಾಗಿಲು ತೆರೆದರು. ಮೊಮ್ಮಗಳನ್ನು ನೋಡಿಕೊಳ್ಳಲು ಧಾರವಾಡದಿಂದ ಬಂದು ಮಗನ ಜೊತೆ ಇದ್ದವರು.

"ಈ ಸಲ ಬರಿಗೈಲೆ ಬಂದೀರಲ್ರೀ?"

ಎಡ್ವರ್ಡ್ ನಡೆದದ್ದನ್ನು ಹೇಳಿದ.

"ಅದು ಓಟಿದ್ದವರ ಮಾತಾತು. ನನಗ ಓಟೇ ಇಲ್ಲ. ನನ್ನ ಹೂಕೋಸು ಯಾಕ ನಿಲ್ಲಿಸೀರಿ?"

ಅವನು ಆ ದಿನ ನಕ್ಕದ್ದು ಆಗಲೇ. "ಎಲೆಕ್ಷನ್ ಮುಗಿಯಲಿ ಅಮ್ಮ, ತರ್ತೇನೆ."

"ತಡೀರಿ, ನಾನೂ ಬರ್ತೀನಿ."

ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿ ನಮ್ಮೊಡನೆ ಹೊರಟರು. ಅವರಿಗೆ ಇಂಗ್ಲಿಷ್ ಬಾರದು. ಪ್ರತಿ ಬಾಗಿಲಲ್ಲೂ ಕೆಸರು ಮೆತ್ತಿದ ಚಕ್ರ ತೋರಿಸಿ, ಆಮೇಲೆ ಎಡ್ವರ್ಡನತ್ತ ಬೆರಳು ಮಾಡುತ್ತಿದ್ದರು. ಜನರಿಗೆ ಅಷ್ಟು ಸಾಕಾಗುತ್ತಿತ್ತು.

ಎಡ್ವರ್ಡ್ ಕೂದಲೆಳೆಯಲ್ಲಿ ಗೆದ್ದ. ಫುಟ್‌ಪಾತಿಗೆ ಎರಡು ವರ್ಷ ಹಿಡಿಯಿತು. ಪ್ರತಿ ಸಭೆಯಲ್ಲೂ ಅವನು ಅದನ್ನೇ ಎತ್ತುತ್ತಿದ್ದ.

ಅವನನ್ನು ಮಣ್ಣು ಮಾಡಿದ ಸಂಜೆ ರತ್ನವ್ವ ಪಲ್ಯದ ಡಬ್ಬಿ ಹಿಡಿದು, ಅಂದು ಗಾಡಿಯಲ್ಲಿದ್ದ, ಈಗ ಎತ್ತರಕ್ಕೆ ಬೆಳೆದ ಮೊಮ್ಮಗಳ ಜೊತೆ ಬಂದರು. "ಇಂಥಾ ಮನ್ಯಾಗ ಇವತ್ತ ಒಲಿ ಹಚ್ಚಬಾರದವ್ವ. ಉಣ್ಣು." ಇನೇಜ್ ಉಂಡಳು. ಅವರು ಹೊರಟಾಗ ಎದ್ದು, ಎಡ್ವರ್ಡ್ ನೆಟ್ಟ ಬೆಳೆಯ ಒಂದು ಹೂಕೋಸನ್ನು ಮೊಮ್ಮಗಳ ಕೈಗಿತ್ತಳು.

ಕಾರಿನಲ್ಲಿ ಬಿಡುತ್ತೇನೆ ಎಂದೆ.

"ಯಾಕ್ರೀ, ಹಾದಿ ಐತಲ್ಲ" ಎಂದರು ರತ್ನವ್ವ.

ಹುಡುಗಿ ಹೂಕೋಸನ್ನು ತಬ್ಬಿಕೊಂಡು, ಅಜ್ಜಿಗಿಂತ ಮುಂದೆ, ಫುಟ್‌ಪಾತಿನ ನಟ್ಟನಡುವೆ ನಡೆದಳು.