ನಾಬ್ ಬಿಟ್ಟರೆ ಆರುವ ಓವನ್

ಗೆಳೆಯರೇ, ಇವತ್ತು ಮಗಳ ಹುಟ್ಟುಹಬ್ಬಕ್ಕೆ ಕೇಕ್ ಮಾಡಲು ಹೊರಟರೆ ನಮ್ಮ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಗ್ಯಾಸ್ ಓವನ್ ಮುಷ್ಕರ ಹೂಡಿತು. ಹೊತ್ತಿಸಿ ನಾಬ್ ಬಿಟ್ಟ ಕೂಡಲೇ ಆರಿಹೋಗುತ್ತಿತ್ತು. ನಮ್ಮ ಯಜಮಾನರು ಸಿಲಿಂಡರ್ ಬದಲಿಸಿದರು, ಫ್ಯಾನ್ ಆರಿಸಿ ಬೆವರಿಳಿಸಿಕೊಂಡರು, ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ನಾಬನ್ನು ಒತ್ತಿ ಹಿಡಿದು ಹದಿನೈದರವರೆಗೆ ಎಣಿಸಬೇಕಂತೆ, ಒಳಗಿನ ಕಡ್ಡಿ ಬಿಸಿಯಾದರೆ ಮಾತ್ರ ಉರಿ ಉಳಿಯುತ್ತದಂತೆ.

ಇವರು ಒಂದೇ ಉಸಿರಿಗೆ ಹದಿನೈದು ಮುಗಿಸಿ ಕೈಬಿಟ್ಟರು. ಉರಿ ಆರಿತು.

"ಪಪ್ಪಾ, ಧೀರೇ ಗಿನೋ ನಾ!" ನಿಧಾನವಾಗಿ ಎಣಿಸಿ ಎಂದು ಹಿಂದಿಯಲ್ಲಿ ಗೋಗರೆದ ಮಗಳು ಅಳುವುದೊಂದು ಬಾಕಿ.

ಆಗ ಎದ್ದು ಬಂದರು, ಈರುಳ್ಳಿಯನ್ನೂ ಮುಟ್ಟದ ನಮ್ಮತ್ತೆ. "ಸರಿಯೋ ಆಚೆ, ನಿನ್ನ ಕೈಲಾಗಲ್ಲ" ಎಂದು ಮಗನನ್ನು ಪಕ್ಕಕ್ಕೆ ತಳ್ಳಿ, ನಾಬ್ ಒತ್ತಿ ಹೊತ್ತಿಸಿ, ಕಣ್ಣು ಮುಚ್ಚಿ ಗಣಪತಿ ಶ್ಲೋಕವನ್ನು ನಿಧಾನವಾಗಿ ಪೂರ್ತಿ ಹೇಳಿ ಕೈಬಿಟ್ಟರು.

ಉರಿ ಆರಲಿಲ್ಲ!

"ನೋಡಿದ್ಯಾ? ದೇವರನ್ನ ನೆನೀದೆ ಒಲೆ ಹಚ್ಚಿದ್ರೆ ಹೀಗೇ ಆಗೋದು."

ಕೇಕ್ ಚೆನ್ನಾಗಿಯೇ ಉಬ್ಬಿದೆ. ಅದರಲ್ಲಿ ನಾಲ್ಕು ಮೊಟ್ಟೆ ಬಿದ್ದಿರುವುದು ನನಗೆ ಗೊತ್ತು, ಗಣಪತಿಗೂ ಗೊತ್ತು. ಅವನಂತೂ ಸುಮ್ಮನಿದ್ದಾನೆ, ನೀವೂ ಅತ್ತೆಗೆ ಹೇಳಬೇಡಿ.