ಪೇಪರಿನ ಕೊಪ್ಪೆ

ಇವತ್ತು ಬೆಳಿಗ್ಗೆ ಪೇಪರಿನವನು ಎಂದಿನಂತೆ ಗೇಟಿನಾಚೆಯಿಂದಲೇ ಬೀಸಿ ಒಗೆದ. ಅದು ಹೋಗಿ ಮಳೆನೀರು ನಿಂತ ಗುಂಡಿಗೇ ಬಿತ್ತು. ಬೈಯೋಣವೆಂದರೆ ಅವನ ಸೈಕಲ್ಲು ಆಗಲೇ ತಿರುವು ದಾಟಿತ್ತು. ಹಾಳೆಗಳನ್ನು ಬಿಡಿಸಿ ಒಲೆಯ ಪಕ್ಕ ಹರವಿದೆ. ಸ್ವಲ್ಪ ಹೊತ್ತಿಗೆ ಒದ್ದೆ ಕಾಗದದ ವಾಸನೆ ಅಡುಗೆಮನೆ ತುಂಬಿತು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಮೈಲವ್ವ ನೆನಪಾಗದೆ ಇರುವುದಿಲ್ಲ. ಅವಳ ನೆನಪಿನಲ್ಲಿ ಉಪ್ಪಿಟ್ಟು ತಳ ಹಿಡಿಯಿತು. ಹಿಡಿಯಲಿ ಬಿಡಿ, ನಮ್ಮ ಮನೆಯಲ್ಲಿ ಅದೇನು ಹೊಸದಲ್ಲ.

ಮೊದಲೇ ಹೇಳಿಬಿಡುತ್ತೇನೆ. ‘ಮಕ್ಕಳು ತಾವಾಗಿಯೇ ಹೊಂದಿಕೊಳ್ಳುತ್ತವೆ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಸ ಶಾಲೆಯಲ್ಲಿ ಒಂದು ವಾರ ಒಬ್ಬರೇ ಕೂತು ಬುತ್ತಿ ತಿಂದು ನೋಡಿ, ಆಮೇಲೆ ಮಾತಾಡಿ.

ಆಗ ನಾನು ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಯ ಟೀಚರು. ಮೈಲವ್ವ ಕೂಡ್ಲಿಗಿ ಕಡೆಯ ಕುರಿಗಾರರ ಹುಡುಗಿ. ಕುರಿಹಿಂಡಿನ ಹಿಂದೆ ಊರೂರು ತಿರುಗಿ ಬೆಳೆದವಳನ್ನು ಊರಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಓದಿಸಬೇಕೆಂದು ಅವಳ ಅಪ್ಪ ಕರೆದುಕೊಂಡು ಬಂದಿದ್ದ. ಹೆಗಲ ಮೇಲೆ ಕಂಬಳಿ. “ಒಳಗ ಬರ್ರಿ” ಎಂದರೂ ಹೊಸಿಲು ದಾಟಲಿಲ್ಲ.

“ಹಿಂಡು ಹೊಳಲಿನ ಕಡಿ ಹೊಂಟೈತ್ರಿ ಟೀಚರ್. ಅಮಾಸಿಗೆ ಬರ್ತೀನಿ. ಹುಡುಗಿ ಹೊಂದಿಕೊಂಡಿದ್ರ ಇರ್ಲಿ. ಮಂದಿ ನಡುವ ಸೊರಗಿದ್ಲಂದ್ರ ಕುರಿ ಸಂಗಾಟ ಹೊಡ್ಕೊಂಡು ಹೋಗ್ತೀನಿ. ನನಗ ಇರಾಕಿ ಒಬ್ಬಾಕಿ.”

ಅವನನ್ನು ದೂರಲಾರೆ. ಮಗಳ ಕಣ್ಣಲ್ಲಿ ನೀರು ನೋಡಲಾರದ ಅಪ್ಪ ಅವನು. ಆದರೆ ಒಮ್ಮೆ ಹಿಂಡಿನ ಹಿಂದೆ ಹೋದ ಹುಡುಗಿ ಮತ್ತೆ ಶಾಲೆಯ ಕಡೆ ತಿರುಗುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೊದಲ ದಿನವೇ ಬೆಂಚು ಸರಿದವು. “ಮೇಡಂ, ಆಕಿ ಮೈ ಕುರಿ ವಾಸ್ನಿ ಬರ್ತೈತ್ರಿ,” ಎಂದು ಮುಂದಿನ ಸಾಲಿನವರು ಮೂಗು ಹಿಡಿದುಕೊಂಡರು. ನಾನು ಕೆಂಡವಾದೆ. ಎಲ್ಲರೂ ಸಮಾನರು ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಅವರು ಕೈಕಟ್ಟಿ ಕೇಳಿದರು, ಬೆಲ್ ಹೊಡೆದ ಕೂಡಲೇ ಮತ್ತೆ ಮೂಗು ಹಿಡಿದುಕೊಂಡರು.

ಆಗ ನನ್ನ ಜಾಣತನ ಶುರುವಾಯಿತು. ಕಾಗದದಲ್ಲಿ ದೋಣಿ, ಹಕ್ಕಿ, ಬೀಸಣಿಗೆ, ಏನು ಬೇಕಾದರೂ ಮಾಡಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಮದುವೆಗೆ ಮುಂಚೆ ನೋಡಲು ಬಂದವರ ಮುಂದೆ ಹಾಡು ಬರುವುದಿಲ್ಲವೆಂದು ಪೇಪರಿನ ನವಿಲು ಮಾಡಿ ತೋರಿಸಿದವಳು ನಾನು. ಅವರು ಮರಳಿ ಬರಲಿಲ್ಲ, ಅದು ಬೇರೆ ಮಾತು. ಇರಲಿ. ಬಣ್ಣದ ಕಾಗದ ಹಂಚಿ, ಎಲ್ಲರೂ ಒಂದೊಂದು ಹೂ ಮಾಡಿ ನಿಮಗೆ ಬೇಕಾದವರಿಗೆ ಕೊಡಿ ಎಂದೆ. ಇಡೀ ತರಗತಿ ಹೂವಾಯಿತು. ಒಬ್ಬೊಬ್ಬರ ಕೈಯಲ್ಲಿ ಮೂರು, ನಾಲ್ಕು. ಮೈಲವ್ವನ ಮುಂದೆ ಒಂದೂ ಇಲ್ಲ. ತಾನು ಮಾಡಿದ ಹೂವನ್ನು ಹಿಡಿದು ಅತ್ತ ಇತ್ತ ನೋಡಿದಳು. ಆಮೇಲೆ ಅದನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಳು. ‘ಬೇಕಾದವರಿಗೆ’ ಎಂದ ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ಯಾರಿಗೂ ಬೇಡವಾದವಳು ಯಾರೆಂದು ಇಡೀ ತರಗತಿಗೆ ಬಣ್ಣಬಣ್ಣದಲ್ಲಿ ತೋರಿಸಿಕೊಟ್ಟಿದ್ದೆ.

ಅಮಾವಾಸ್ಯೆಗೆ ಇನ್ನು ಹತ್ತು ದಿನವಿತ್ತು.

ಎರಡು ದಿನ ಕಳೆದು ಶಾಲೆ ಬಿಡುವ ಹೊತ್ತಿಗೆ ಮಳೆ ಹಿಡಿಯಿತು. ಮಕ್ಕಳೆಲ್ಲ ಪಡಸಾಲೆಯಲ್ಲಿ ನಿಂತಿದ್ದರು. ಮೈಲವ್ವ ಮಾತ್ರ ನನ್ನ ಹಳೆಯ ಪೇಪರಿನ ಕಟ್ಟಿನಿಂದ ದೊಡ್ಡ ಹಾಳೆಯೊಂದನ್ನು ಎಳೆದುಕೊಂಡು ಕೂತಳು. ಒಂದು ತುದಿಯ ಎರಡು ಮೂಲೆಗಳನ್ನು ಒಂದರ ಮೇಲೊಂದು ತಂದಳು. ಬೇಲಿಯ ಜಾಲಿಮುಳ್ಳು ಮುರಿದು ಹೊಲಿಗೆ ಹಾಕಿದ ಹಾಗೆ ಚುಚ್ಚಿದಳು. ತಲೆಗೊಂದು ಗೂಡು, ಬೆನ್ನಿಗೊಂದು ಮರೆ. ಮಳೆಯಲ್ಲಿ ಕುರಿಗಾರರು ಕಂಬಳಿಯನ್ನು ಮಡಚಿ ಹೊದೆಯುವ ಕೊಪ್ಪೆಯನ್ನು ಈ ಹುಡುಗಿ ಪೇಪರಿನಲ್ಲಿ ಮಾಡಿದ್ದಳು!

ಶಬಾನಾ ಹತ್ತಿರ ಬಂದಳು. ಟ್ರ್ಯಾಕ್ಟರ್ ರಿಪೇರಿಯವರ ಮಗಳು, ಮಾತು ಖಡಕ್ಕು. “ಏನಲೇ ಅದು?”

“ಕೊಪ್ಪಿ.”

“ನನಗೊಂದು ಮಾಡಿಕೊಡ. ತಮ್ಮನ್ನ ಕರ್ಕೊಂಡು ಹೋಗಬೇಕು.”

ಎರಡು ಕೊಪ್ಪೆಗಳು ಮಳೆಯಲ್ಲಿ ಓಡಿದವು. ಮರುದಿನ ಶಬಾನಾ ಬಂದವಳೇ ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತಳು. “ಥೂ ನಿನ್ನ! ಸಂತಿ ದಾಟೋದ್ರಾಗ ಕರಗಿಹೋತು. ಇನ್ನೊಂದು ಮಾಡಿಕೊಡು. ಸುಮ್ನ ಬಿಡಲ್ಲ ನಾನು.” ಮೈಲವ್ವ ಶಾಲೆಗೆ ಬಂದ ಮೇಲೆ ಮೊದಲ ಸಲ ನಕ್ಕಳು. ನಾನು ಹಲ್ಲುಕಚ್ಚಿ ಸುಮ್ಮನಿದ್ದೆ, ಎಲ್ಲಿ ಬಾಯಿ ಹಾಕಿ ಕೆಡಿಸಿಬಿಡುತ್ತೇನೋ ಎಂದು.

ಅದರ ಮಾರನೆಯ ದಿನ ಶಬಾನಾ ಅಪ್ಪನ ಅಂಗಡಿಯಿಂದ ಎಣ್ಣೆ ಕುಡಿದ ಪೇಪರು ತಂದಳು. ಎಣ್ಣೆಯ ಪೇಪರಿನ ಮೇಲೆ ನೀರು ನಿಲ್ಲುವುದಿಲ್ಲವಲ್ಲ! ಮುಂದಿನ ಸಾಲಿನವರು ಒಬ್ಬೊಬ್ಬರೇ ಬಂದರು. ಮೂಗು ಹಿಡಿಯಲು ಕೈ ಎಲ್ಲಿದೆ? ಒಂದರಲ್ಲಿ ಹಾಳೆ, ಇನ್ನೊಂದರಲ್ಲಿ ಮುಳ್ಳು. ಈಗ ಎಲ್ಲರ ಮೈಯೂ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಮೈಲವ್ವ ನಡುವೆ ಕೂತು, “ಹಂಗಲ್ಲ ಲೇ, ಬಲಗಡೀದು ಮ್ಯಾಲ ಬರಬೇಕು,” ಎಂದು ಗದರುತ್ತಿದ್ದಳು. ನಾನೂ ಅವಳ ಶಿಷ್ಯೆಯಾದೆ.

ಹೆಡ್ ಮಾಸ್ತರರು ಒಂದು ದಿನ ಬಾಗಿಲಲ್ಲಿ ನಿಂತರು. “ಏನ್ ಮೇಡಂ, ಪರೀಕ್ಷಿ ಮುಂದಿಟ್ಕೊಂಡು ರದ್ದಿ ಅಂಗಡಿ ತೆರದೀರಿ?”

“ಗಣಿತ ಸರ್. ತ್ರಿಕೋನ ಹೇಳ್ಕೊಡಾಕತ್ತೀನಿ.”

ಸುಳ್ಳು! ಎಷ್ಟು ಸಲೀಸಾಗಿ ಬಂತು ನೋಡಿ. ಹದಿನೈದು ವರ್ಷದ ನೌಕರಿ ಕಲಿಸಿದ ವಿದ್ಯೆ ಅದೊಂದೇ.

ಅಮಾವಾಸ್ಯೆಯ ದಿನ ಮೈಲವ್ವನ ಅಪ್ಪ ಬಂದ. ಹೆಡ್ ಮಾಸ್ತರರೇ ಅವನನ್ನು ನಮ್ಮ ತರಗತಿಗೆ ಕರೆತಂದರು. ಒಳಗೆ ನೋಡಿದರೆ ಎಲ್ಲರ ತಲೆಯ ಮೇಲೂ ಕೊಪ್ಪೆ, ನನ್ನ ತಲೆಯ ಮೇಲೂ. ಅವನು ಮೊದಲ ಸಲ ಹೊಸಿಲು ದಾಟಿ ನೇರವಾಗಿ ನನ್ನ ಹತ್ತಿರ ಬಂದ.

“ಟೀಚರ್, ಮುಳ್ಳಿನ ಮೊನಿ ಒಳಗ ಹಾಕೀರಲ್ರಿ. ನೆತ್ತಿ ಚುಚ್ಚಲಿಲ್ಲೇನು?”

ಚುಚ್ಚುತ್ತಿತ್ತು. ಬೆಳಗಿನಿಂದ ಚುಚ್ಚುತ್ತಿತ್ತು. ಹೊಸ ಕೊಪ್ಪೆ ಹಾಗೇ ಇರುತ್ತದೇನೋ ಎಂದುಕೊಂಡಿದ್ದೆ. ಮಕ್ಕಳು ಬಿದ್ದುಬಿದ್ದು ನಕ್ಕರು. ಅವನು ಮುಳ್ಳು ಕಿತ್ತು ಮೊನೆ ಹೊರಗಾಗುವಂತೆ ಚುಚ್ಚಿಕೊಟ್ಟು ಮಗಳ ಕಡೆ ತಿರುಗಿದ.

“ನಡಿಯವ್ವ. ಹಿಂಡು ದಾರಿ ಮ್ಯಾಲ ನಿಂತೈತಿ. ಚಿಕ್ಕವ್ವ ಹೇಳಿದ್ಲು, ಮೊದಮೊದ್ಲು ದಿನಾ ಅಳತಿದ್ದಿ ಅಂತ.”

“ನಾ ಬರಂಗಿಲ್ಲ.”

“ಯಾಕ?”

“ಅತ್ತದ್ದು ಖರೆ. ಈಗ ಅಳಂಗಿಲ್ಲ. ಇವ್ರು ನನ್ನ ಗೆಳತ್ಯಾರು.” ಶಬಾನಾಳ ರಟ್ಟೆ ಹಿಡಿದುಕೊಂಡೇ ಹೇಳಿದಳು. “ನೀ ಹೋಗಪ್ಪ. ನಾ ಇಲ್ಲೇ ಇರಾಕಿ.”

ಅಪ್ಪ ಮಗಳ ತಲೆಯ ಮೇಲಿನ ಕೊಪ್ಪೆಯನ್ನು ಮುಟ್ಟಿ ನೋಡಿದ. “ಸಾಲಿಯಾಗ ಇದನ್ನೂ ಕಲಸ್ತಾರೇನ್ರಿ?” ಎಂದು ಕೇಳಿದ.

“ಗಣಿತ ಅದು, ತ್ರಿಕೋನ,” ಎಂದರು ಹೆಡ್ ಮಾಸ್ತರರು.

ಒಂಬತ್ತು ವರ್ಷದ ಹುಡುಗಿ ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಜ ಹೇಳಿದ್ದಳು. ನನಗೆ ನಾಚಿಕೆಯಾಯಿತು. “ಗಣಿತ ಅಲ್ಲ ಸರ್, ನಾ ಸುಳ್ಳು ಹೇಳಿದ್ದೆ,” ಎಂದೆ. “ಈ ಹುಡುಗಿ ಪಕ್ಕ ಯಾರೂ ಕೂಡ್ತಿದ್ದಿಲ್ಲ. ಈಗ ಕೂಡ್ತಾರ. ಅಷ್ಟೇ ಕಲಿಸಿದ್ದು, ಅದೂ ಆಕಿನೇ ಕಲಿಸಿದ್ದು. ನೋಟಿಸ್ ಕೊಡ್ತೀರಾ? ಕೊಡ್ರಿ.”

ನೋಟಿಸು ಬರಲಿಲ್ಲ. ಅಪ್ಪ ಮಗಳ ತಲೆ ನೇವರಿಸಿ, “ಇರ್ಲಿ ಬಿಡ್ರಿ, ಇರ್ಲಿ,” ಎನ್ನುತ್ತ ಒಬ್ಬನೇ ಹೋದ. ಅವನು ಗೇಟು ದಾಟುವವರೆಗೆ ಮೈಲವ್ವ ಅಲುಗಾಡಲಿಲ್ಲ. ದಾಟಿದ ಮೇಲೆ ಶಬಾನಾಳ ಹೆಗಲಿಗೆ ಮುಖವಿಟ್ಟು ಜೋರಾಗಿ ಅತ್ತಳು. ಅವಳು ಅದೇ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದಳು.

ಈಗ ನಾನು ಹರಪನಹಳ್ಳಿಯಲ್ಲಿದ್ದೇನೆ. ಶಾಲೆ ಬೇರೆ, ಹೆಡ್ ಮಾಸ್ತರರೂ ಬೇರೆ. ಹೋದ ವಾರ ಕೊಟ್ಟೂರಿನಿಂದ ಹೊಸ ಹುಡುಗಿಯೊಬ್ಬಳು ಬಂದು ಸೇರಿದ್ದಾಳೆ. ಗೋಡೆಗೆ ಮುಖ ಮಾಡಿ ಊಟ ಮಾಡುತ್ತಾಳೆ. ಈ ವರ್ಷದ ವೇಳಾಪಟ್ಟಿಯಲ್ಲಿ ಕರಕುಶಲಕ್ಕೆ ಒಂದು ಪಿರಿಯಡ್ಡೂ ಇಲ್ಲ. ಬುಧವಾರದ ಕೊನೆಯ ಪಿರಿಯಡ್ಡು ‘ಪುನರಾವರ್ತನೆ’ ಎಂದಿತ್ತು. ಇವತ್ತು ಶಾಲೆಗೆ ಹೋದವಳೇ ಅದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಕಾಗದ’ ಎಂದು ಬರೆದು ಕೆಳಗೆ ಸಹಿ ಮಾಡಿದೆ.

ಹೆಡ್ ಮಾಸ್ತರರು ಕರೆಸಿದರು. “ಇದನ್ನ ಯಾರು ಬರೆದದ್ದು?”

“ಸಹಿ ಐತಲ್ಲ ಸರ್, ಓದ್ರಿ.”

“ಮಕ್ಕಳು ತಾವಾಗೇ ಹೊಂದ್ಕೊಂತಾವೆ ಮೇಡಂ. ಮೊದ್ಲು ಸಿಲಬಸ್ ಮುಗಿಸ್ರಿ.”

“ಬುಧವಾರ ನೀವೂ ಬರ್ರಿ ಸರ್,” ಎಂದೆ. “ಆ ಹುಡುಗಿ ಪಕ್ಕ ಜಾಗ ಖಾಲಿ ಐತಿ.”