ಸುಮ್ಮನಿದ್ದ ಒಂದು ಲೈನು

ಕಳೆದ ವಾರ ಹಳೆಯ ರೇಡಿಯೋ ರಿಪೇರಿಗೆಂದು ಕಲಬುರಗಿಯ ಅಂಗಡಿಯೊಂದರಲ್ಲಿ ಕೂತಿದ್ದೆ. ಬೆಸುಗೆ ಹಾಕುವಾಗ ರಾಳದ ಹೊಗೆ ಎದ್ದಿತು. ಆ ಘಾಟು ಮೂಗಿಗೆ ತಾಗಿದ್ದೇ ಅಫಜಲಪುರದ ಟೆಲಿಫೋನ್ ಎಕ್ಸ್‌ಚೇಂಜಿನ ಚಾಚಾ ನೆನಪಾದರು. ಮುಖವಲ್ಲ, ಮೊದಲು ಕೈ ನೆನಪಾಯಿತು. ಎಡಗೈ ಹೆಬ್ಬೆರಳಿನ ಮೇಲೆ ಸುಟ್ಟ ಕಲೆ ಇತ್ತು... ಬಲಗೈಯದೂ ಇರಬಹುದು.

ಎಂಬತ್ತರ ದಶಕ. ಬಿ.ಎ. ಮುಗಿಸಿ ನಾನು ಅಲ್ಲಿ ಆಪರೇಟರ್ ಆಗಿದ್ದೆ. ಊರಿನ ಯಾರು ಯಾರ ಜೊತೆ ಮಾತಾಡಬೇಕಾದರೂ ನಾವು ಬೋರ್ಡಿನ ತೂತಿಗೆ ವೈರು ಚುಚ್ಚಿ ಜೋಡಿಸಬೇಕಿತ್ತು. ಮಾತು ಮುಗಿದ ಮೇಲೆ ಅವರು ಫೋನಿನ ಹ್ಯಾಂಡಲ್ ತಿರುಗಿಸಿದರೆ ನಮಗೆ ಗೊತ್ತಾಗಿ ವೈರು ತೆಗೆಯುತ್ತಿದ್ದೆವು. ಬಹಳ ಜನ ತಿರುಗಿಸುತ್ತಿರಲಿಲ್ಲ. "ನಮ್ ಮಂದಿ ಉಂಡು ಕೈ ತೊಳಕೋತಾರ, ಮಾತಾಡಿ ಹ್ಯಾಂಡಲ್ ತಿರಗ್ಸಂಗಿಲ್ಲ" ಎಂದು ಚಾಚಾ ನಗುತ್ತಿದ್ದರು. ಅವರು ಅಲ್ಲಿಯ ಮೆಕ್ಯಾನಿಕ್. ಅಧಿಕಾರಿಗಳೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು.

ಆ ಹೊತ್ತಿಗೆ ತಾನೇ ಲೈನು ಜೋಡಿಸುವ ಆಟೋಮ್ಯಾಟಿಕ್ ಯಂತ್ರ ಬಂತು. ಊರಿನ ಫೋನುಗಳು ಒಂದು ದಿನವೂ ನಿಲ್ಲಬಾರದು ಎಂಬುದು ಕಟ್ಟಪ್ಪಣೆ. ಆದ್ದರಿಂದ ಹಳೆಯದು ನಡೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಹೊಸದನ್ನು ನಿಲ್ಲಿಸಿ, ಪ್ರತಿ ಫೋನಿನ ತಂತಿಯನ್ನೂ ಎರಡಕ್ಕೂ ಜೋಡಿಸಿದರು. ಡಯಲ್ ಇರುವ ಹೊಸ ಫೋನುಗಳನ್ನು ಮನೆಗಳಿಗೆ ಮೊದಲೇ ಮುಟ್ಟಿಸಿ, ಹಳೆಯದರ ಪಕ್ಕದಲ್ಲಿ ಇಟ್ಟಿದ್ದರು. ಹೊಸ ಯಂತ್ರದ ಕಡೆ ತಂತಿ ತಾಗದಿರಲೆಂದು ಚಾಚಾ ಒಣ ಜೋಳದ ದಂಟನ್ನು ಸೀಳಿ, ಪ್ರತಿ ಲೈನಿನ ಕಾಂಟ್ಯಾಕ್ಟಿನ ನಡುವೆ ಒಂದೊಂದು ಸಿಬಿರು ಸಿಕ್ಕಿಸಿದ್ದರು. ಹಳೆಯ ಕಡೆಯ ಫ್ಯೂಜ್ ತೆಗೆದು ಸಿಬಿರು ಎಳೆದರೆ ಸಾಕು, ಆ ಫೋನು ಹೊಸದಕ್ಕೆ ಸೇರಿತು. ಪ್ಲಾಸ್ಟಿಕ್ ತುಂಡು ಕೊಟ್ಟಿದ್ದರಂತೆ. ಇವರಿಗೆ ದಂಟಿನ ಮೇಲೇ ನಂಬಿಕೆ.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬದಲಾವಣೆ. ದೊಡ್ಡ ಆಫೀಸಿನಿಂದ ಸಾಹೇಬರೊಬ್ಬರು ಬಂದು ಗಡಿಯಾರ ನೋಡುತ್ತ ನಿಂತಿದ್ದರು. ನಾನು ಕೆಲಸಕ್ಕೆ ಬಂದದ್ದು ಹನ್ನೊಂದೂವರೆಗೆ. ಜೋಡಿಸಿದ ಒಂದೊಂದು ಲೈನಿಗೂ ಕಿವಿಗೊಟ್ಟು, ಮಾತು ಮುಗಿದಿದ್ದರೆ ವೈರು ತೆಗೆಯುವುದು ನನ್ನ ಪಾಲಿನ ಕೆಲಸ. ಕೊನೆಗೆ ಉಳಿದದ್ದು ಸೊಲ್ಲಾಪುರದಿಂದ ಕಾಳುಕಡಿಯ ಅಡತ್ ಅಂಗಡಿಯೊಂದಕ್ಕೆ ಬಂದ ಟ್ರಂಕ್ ಕಾಲ್. ನನಗಿಂತ ಮೊದಲಿದ್ದವಳು ಜೋಡಿಸಿ ಹೋಗಿದ್ದಳು. ಕೇಳಿದೆ. ಸದ್ದಿಲ್ಲ.

"ಅದೊಂದು ಯಾಕ ಉಳೀತು ಬೇಟಿ?" ಎಂದರು ಚಾಚಾ.

"ಖಾಲಿ ಅದರಿ ಚಾಚಾ. ಹ್ಯಾಂಡಲ್ ತಿರಗ್ಸಿಲ್ಲ, ಅಷ್ಟ."

ವೈರಿಗೆ ನಾನಾಗಲೇ ಕೈ ಹಾಕಿದ್ದೆನೇ? ಹಾಕಿದ್ದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೇನೆ. ಅಂದಿನ ಡೈರಿಯಲ್ಲಿ ಇರುವುದು "ಹೊಸದು ಶುರುವಾಯಿತು, ತಲೆನೋವು" ಎಂಬುದಷ್ಟೇ.

ಚಾಚಾ ತಾವೇ ಹೆಡ್‌ಫೋನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. "ತಕ್ಕಡಿ ಸಪ್ಪಳ ಬರಾಕತ್ತದ. ಫೋನ್ ಮಗ್ಗಲಕ ಇಟ್ಟು ಯಾರನ್ನೋ ಕರ್ಯಾಕ ಹೋಗ್ಯಾರ."

ಸೊಲ್ಲಾಪುರದ ಕಡೆಗೆ ಕೇಳಿದಾಗ ಒಬ್ಬ ನರ್ಸ್ ದನಿ ಕೊಟ್ಟಳು. ಊರಿನವನೊಬ್ಬ ಅಲ್ಲಿಯ ದವಾಖಾನೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಜೊತೆಗಿದ್ದವರು ಹೇಳಿದ ಪ್ರಕಾರ, ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಅವನಿಗೆ ಒಗ್ಗದೆ ಸಾಯುವ ಹಾಗಾಗಿತ್ತಂತೆ. ಅದರ ಚೀಟಿ ಹೆಂಡತಿಯ ಹತ್ತಿರ ಇತ್ತು. ಅವಳ ಮನೆ ಅಂಗಡಿಯ ಹಿಂದಿನ ಓಣಿಯಲ್ಲಿ. ಡಾಕ್ಟರು ಸೂಜಿ ಹಿಡಿದು ಕಾಯುತ್ತಿದ್ದರು. ಕಾಲ್ ಕಡಿದರೆ ಮತ್ತೆ ಸಿಗುವುದು ಸಂಜೆಗೋ, ಮರುದಿನಕ್ಕೋ.

ಸಾಹೇಬರು ಗಡಿಯಾರ ತೋರಿಸಿದರು. "ಒಂದು ಫೋನಿಗೆ ಇಡೀ ಊರು ಕಾಯಬೇಕೇನ್ರಿ ಚಾಚಾ?"

"ಊರ ಯಾಕ ಕಾಯ್ಬೇಕ್ರಿ? ಊರ ಮಂದಿ ಈ ಬಸ್ಸಿಗೆ ಹೋಗ್ಲಿ. ಇದೊಂದು ಮನಿ ಹಿಂದಿನ ಬಸ್ಸಿಗೆ ಬರ್ತದ."

"ಹನ್ನೆರಡಕ್ಕೆ ಹಳೇದು ಬಂದ್ ಅಂತ ಆರ್ಡರ್ ಇದೆ."

"ಸಿಬಿರ ಸಿಕ್ಕೊಂಡಿತ್ತು ಅಂತ ನನ್ನ ಹೆಸರ್ಲೆ ಬರೀರಿ."

ಮಿಕ್ಕ ಫ್ಯೂಜುಗಳನ್ನೆಲ್ಲ ತೆಗೆದು ಸಿಬಿರುಗಳನ್ನು ಎಳೆದರು. ಪಕ್ಕದ ಕೋಣೆಯಲ್ಲಿ ಹೊಸ ಯಂತ್ರ ಮಳೆ ಹನಿದಂತೆ ಟಕಟಕ ಸದ್ದು ಮಾಡತೊಡಗಿತು. ಹಳೆಯ ಬೋರ್ಡಿನಲ್ಲಿ ಆ ಒಂದು ವೈರು ಮಾತ್ರ ಉಳಿಯಿತು. ಎಷ್ಟು ಹೊತ್ತು ಕಾದೆವೋ... ನನಗೆ ಬಹಳ ಹೊತ್ತು ಅನ್ನಿಸಿತು.

ಕೊನೆಗೆ ಹೆಂಡತಿಯ ಏದುಸಿರು ಕೇಳಿಸಿತು. ಆಕೆಗೆ ಓದಲು ಬರುತ್ತಿರಲಿಲ್ಲ. ಅಂಗಡಿಯವರು ಚೀಟಿ ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದರು. ಆ ಕಡೆ ನರ್ಸ್ ಅದನ್ನು ಡಾಕ್ಟರಿಗೆ ಕೂಗಿ ಹೇಳಿದಳು. ಆಮೇಲೆ ಫೋನಿನಲ್ಲಿ ಎಂದಳು: "ಅದನ್ನೇ ಕೊಡೋರಿದ್ವಿ ನೋಡ್ರಿ."

"ಈಗ ಕೊಡಂಗಿಲ್ಲಲ್ರೀ ಯಕ್ಕಾ?" ಎಂದಳು ಹೆಂಡತಿ.

"ಇಲ್ಲವ್ವ. ಬ್ಯಾರೆ ಕೊಡ್ತಾರ."

ಮಾತು ಮುಗಿದ ಮೇಲೆ ವೈರು ತೆಗೆದು ಸ್ಟೂಲಿನ ಮೇಲೆ ಕೂತೆ. ಚಾಚಾ ಕೊನೆಯ ಸಿಬಿರನ್ನು ಎಳೆದು, ಅದರಿಂದಲೇ ಹಲ್ಲು ಕೆದಕುತ್ತ, "ಚಾ ಕುಡ್ಯೂಣು ಬಾ" ಎಂದರು.

ಸ್ವಲ್ಪ ದಿನಗಳ ಮೇಲೆ ಆ ಮನುಷ್ಯ ಹೆಂಡತಿಯೊಂದಿಗೆ ಬಂದ. ಹೊಸ ಯಂತ್ರವೇ ಜೀವ ಉಳಿಸಿತೆಂದು ಅದಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದ. ನಾನು ತಿದ್ದಲು ಹೋದೆ. "ಇರ್ಲಿ ಬಿಡು ಬೇಟಿ, ಅದೂ ಹೊಸಾದು, ಒಂದಿಷ್ಟ ಹೆಸರ ತಗೊಳ್ಳಿ" ಎಂದು ಚಾಚಾ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡರು.

ನಿವೃತ್ತಿಯಾಗಿ ಅವರು ಆಳಂದಕ್ಕೆ ಹೋದರು. ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ನಲವತ್ತನೆಯ ದಿನದ ಕಾರ್ಯವೂ ಮುಗಿದಿತ್ತು. ಒಮ್ಮೆಯಾದರೂ ಹೋಗಿ ಕೇಳಬೇಕಿತ್ತು, ಅವತ್ತು ನನ್ನ ಕೈ ವೈರಿನ ಮೇಲಿತ್ತೇ ಎಂದು. ಆ ಮನುಷ್ಯ ಬದುಕಿದ. ಅದನ್ನು ನೆನೆದಾಗಲೆಲ್ಲ ಇಂದಿಗೂ ಎದೆ ಹಗುರಾಗುತ್ತದೆ. ಖಾಲಿ ಎಂದವಳು ನಾನು ಎಂಬುದನ್ನು ಚಾಚಾ ಸಾಹೇಬರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಈಗ ಅದನ್ನು ಬಲ್ಲವಳು ನಾನೊಬ್ಬಳೇ.